ಸ್ಲೇಟಿನ ಮೇಲೆ ಪರೀಕ್ಷಿಸಿದ ಫೋನ್ ಕರೆ

ಜೂನ್ ತಿಂಗಳ ಮೊದಲ ಮಂಗಳವಾರ, ಬೆಳಗ್ಗೆ ಎಂಟು ಗಂಟೆ. ಕಾಪುವಿನ ನಮ್ಮ ಮನೆಯ ಚಾವಡಿ. ಹಾಜರಿದ್ದವರು ನಾನು ಮತ್ತು ನನ್ನ ತಂಗಿ, ಇಬ್ಬರೇ. ನಾನು ಪತ್ರಿಕೆ ಓದಿ ಮಡಚಿ ಇಟ್ಟಿದ್ದೆ. ಅವಳು ಹೊಲಿಗೆ ಮೆಷಿನಿನ ಮುಂದೆ ಕೂತು ಶಾಲೆಯ ಯೂನಿಫಾರಂ ಅಂಗಿಗಳ ಕೊನೆಯ ಕಾಲರ್ ಕೂರಿಸುತ್ತಿದ್ದಳು. ಆಗ ಅವಳ ಫೋನ್ ರಿಂಗಾಯಿತು.

"ಹೌದು, ನಾನೇ" ಅಂದಳು. "ಆಯಿತು" ಅಂದಳು. ಆಮೇಲೆ "ಇವತ್ತೇ?" ಎಂದು ಕೇಳಿದಳು. ಫೋನನ್ನು ಮೆಷಿನಿನ ಹಲಗೆಯ ಮೇಲೆ ಇಟ್ಟು, ಕಾಲಿನಿಂದ ಮತ್ತೆ ಪೆಡಲ್ ತುಳಿಯಲು ಶುರು ಮಾಡಿದಳು. ಹೊಲಿಗೆ ಮಾತ್ರ ನೆಟ್ಟಗೆ ಹೋಗಲಿಲ್ಲ. ನಾನು ಅದನ್ನು ನೋಡಿದೆ.

"ಮಣಿಪಾಲದಿಂದ, ಆಸ್ಪತ್ರೆಯವರು. ಹನ್ನೊಂದು ಗಂಟೆಗೆ ಡಾಕ್ಟರನ್ನು ನೋಡಬೇಕಂತೆ. ಮನೆಯವರು ಯಾರಾದರೂ ಜೊತೆಗೆ ಬರಲಿ ಅಂದರು."

ಹಿಂದಿನ ವಾರ ಅವಳ ಕುತ್ತಿಗೆಯ ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ಸ್ವಲ್ಪ ಅಂಶ ತೆಗೆದಿದ್ದರು. ಗಂಟು ಯಾವಾಗ ಬಂದದ್ದೋ ನನಗೆ ಗೊತ್ತಾಗಿರಲಿಲ್ಲ. ಬೇಸಿಗೆಯ ಸೆಕೆಯಲ್ಲೂ ಅವಳು ಕತ್ತು ಮುಚ್ಚುವ ರವಿಕೆ ಹೊಲಿದು ತೊಟ್ಟುಕೊಳ್ಳುತ್ತಿದ್ದಳು. ಹೊಸ ಮಾದರಿ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಅವಳು ತಲೆ ಎತ್ತಿ ನೀರು ಕುಡಿಯುವಾಗ ರವಿಕೆಯ ಕತ್ತು ಸರಿದು, ಗಂಟು ಕತ್ತಿನ ಒಳಗೆ ಮೇಲೆ ಹೋಗಿ ಕೆಳಗೆ ಬಂದದ್ದು ಕಂಡಿತು. ಮರುದಿನವೇ ಕರೆದುಕೊಂಡು ಹೋದೆ. ಸೂಜಿ ಚುಚ್ಚಿದ ಮೇಲೆ ಕೌಂಟರಿನ ಹುಡುಗಿ ಹೇಳಿದ್ದು ಇಷ್ಟು: "ಗಂಭೀರವಾದದ್ದು ಏನಾದರೂ ಇದ್ದರೆ ನಾವೇ ಫೋನ್ ಮಾಡುತ್ತೇವೆ."

ಈಗ ಫೋನ್ ಬಂದಿತ್ತು.

ನಾನು ಕಾರ್ಕಳದ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಗಂಡನನ್ನು ಬೇಗ ಕಳೆದುಕೊಂಡ ತಂಗಿಯೊಂದಿಗೆ ಈ ಮನೆಯಲ್ಲಿ ಇದ್ದೇನೆ. ನಾನು ಓದಿದ್ದು ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ಹಾಸ್ಟೆಲಿನಲ್ಲಿ. ಆ ಅಭ್ಯಾಸ ಇನ್ನೂ ಹೋಗಿಲ್ಲ. ಬೆಳಗ್ಗೆ ಕಾಫಿ ಕುದಿಯುವ ಹೊತ್ತಿಗೆ ಅಡುಗೆಮನೆಯ ಬಾಗಿಲಿನ ಮೊಳೆಯಲ್ಲಿ ತೂಗುವ ಸ್ಲೇಟನ್ನು ಕೈಗೆ ತೆಗೆದುಕೊಳ್ಳುತ್ತೇನೆ. ಹಿಂದಿನ ದಿನ ಬಸ್ಸಿನಲ್ಲೋ ಅಂಗಡಿಯಲ್ಲೋ ಕೇಳಿದ ಒಂದು ವಾದವನ್ನು ತಂಗಿ ಹೇಳುತ್ತಾಳೆ. ನಾನು ಅದನ್ನು ಅಕ್ಷರ ಮತ್ತು ಗುರುತುಗಳಿಗೆ ಇಳಿಸಿ, ಸಿಂಧುವೋ ಅಸಿಂಧುವೋ ಎಂದು ಪರೀಕ್ಷಿಸುತ್ತೇನೆ. ಆಧಾರವಾಗಿ ಕೊಟ್ಟ ಮಾತುಗಳೆಲ್ಲ ಸತ್ಯವಾಗಿದ್ದಾಗ ತೀರ್ಮಾನ ಸುಳ್ಳಾಗಲು ದಾರಿಯೇ ಇಲ್ಲದಿದ್ದರೆ ವಾದ ಸಿಂಧು. ಒಂದೇ ಒಂದು ದಾರಿ ಇದ್ದರೂ ಅಸಿಂಧು. ಕಾಫಿ ಇಳಿಸುವುದರೊಳಗೆ ಕೆಲಸ ಮುಗಿಯುತ್ತದೆ.

ಅಂದು ಬೆಳಗ್ಗೆಯೂ ಇದು ನಡೆದಿತ್ತು. ತಂಗಿ ಹೇಳಿದ್ದು ಮೀನು ಮಾರುವವಳ ವಾದ. "ಮೀನು ತಾಜಾ ಇದ್ದರೆ ಕಿವಿರು ಕೆಂಪು ಇರುತ್ತದೆ. ಈ ಬಂಗುಡೆಯ ಕಿವಿರು ಕೆಂಪು ಉಂಟು. ಹಾಗಾದರೆ ಇದು ತಾಜಾ."

"ಅಸಿಂಧು" ಅಂದೆ. "ಕಿವಿರು ಕೆಂಪಾಗಲು ಬೇರೆ ಕಾರಣವೂ ಇರಬಹುದು."

"ಅಯ್ಯೋ! ಹಾಗಾದರೆ ಫ್ರಿಜ್ಜಿನಲ್ಲಿ ಇಟ್ಟದ್ದನ್ನು ಬಿಸಾಡುವುದಾ?"

"ಬಿಸಾಡಬೇಡ ಮಾರಾಯ್ತಿ. ಬಂಗುಡೆ ತಾಜಾವೇ ಇರಬಹುದು. ಅವಳ ವಾದ ಅಸಿಂಧು, ಅಷ್ಟೇ. ವಾದ ಬಿದ್ದರೆ ತೀರ್ಮಾನವೂ ಬೀಳಬೇಕು ಅಂತ ಇಲ್ಲ."

"ನಿನ್ನ ಹತ್ತಿರ ಮೀನು ತಂದುಕೊಡುವವರಿಗೆ ತಲೆ ಬೇಕು" ಎಂದು ನಕ್ಕಿದ್ದಳು.

ಇದು ಆರು ಗಂಟೆಯ ಮಾತು. ಎಂಟು ಗಂಟೆಗೆ, ಫೋನ್ ಬಂದ ಮೇಲೆ, ಅವಳು ಮೆಷಿನ್ ನಿಲ್ಲಿಸಿ ನನ್ನ ಮುಖ ನೋಡಿದಳು. "ಅಕ್ಕ, ಸ್ಲೇಟು ತಾ. ಇದನ್ನೂ ಒಮ್ಮೆ ನೋಡು."

ಒರೆಸಿಟ್ಟ ಸ್ಲೇಟು ತಂದೆ. ಗಂಭೀರ ಎನ್ನುವುದಕ್ಕೆ 'ಗ', ಫೋನ್ ಎನ್ನುವುದಕ್ಕೆ 'ಫ'. ಇಂಥದ್ದಾದರೆ ಇಂಥದ್ದು ಎನ್ನುವುದಕ್ಕೆ ಮಧ್ಯದಲ್ಲಿ ಕುದುರೆ ಲಾಳದಂಥ ಗುರುತು.

ಗ ⊃ ಫ
ಫ
∴ ಗ

ಗಂಭೀರವಾದರೆ ಫೋನ್. ಫೋನ್ ಬಂದಿದೆ. ಆದ್ದರಿಂದ ಗಂಭೀರ. ಆಕಾರ ನೋಡಿದರೆ ಬಂಗುಡೆಯ ವಾದವೇ, ಅಕ್ಷರ ಮಾತ್ರ ಬೇರೆ. ಆದರೂ ನಾನು ನಿಯಮ ಬಿಡಲಿಲ್ಲ. ಪರೀಕ್ಷಿಸುವ ಚಿಕ್ಕ ದಾರಿ ಹೀಗೆ: ಮೊದಲು ತೀರ್ಮಾನ ಸುಳ್ಳು ಎಂದು ಇಟ್ಟುಕೊಳ್ಳಬೇಕು. ಆಧಾರವಾಕ್ಯಗಳೆಲ್ಲ ಸತ್ಯ ಎಂದು ಇಟ್ಟುಕೊಳ್ಳಬೇಕು. ಒಂದೇ ಮಾತು ಸತ್ಯವೂ ಸುಳ್ಳೂ ಆಗಬೇಕಾದ ವಿರೋಧ ಎಲ್ಲಿಯೂ ಬಾರದಿದ್ದರೆ ವಾದ ಅಸಿಂಧು. 'ಗ'ದ ಕೆಳಗೆ 'ಸುಳ್ಳು' ಎಂದು ಬರೆಯುವಾಗ ಬಳಪ ಮುರಿಯಿತು. ಉಳಿದ ತುಂಡಿನಲ್ಲಿ ಬರೆದೆ. 'ಫ' ಸತ್ಯ. 'ಗ' ಸುಳ್ಳಾಗಿ 'ಫ' ಸತ್ಯವಾದರೂ, ಗಂಭೀರವಲ್ಲದಿದ್ದರೆ ಫೋನ್ ಮಾಡುವುದಿಲ್ಲ ಎಂದು ಮೊದಲ ವಾಕ್ಯ ಹೇಳಿಲ್ಲ, ಹಾಗಾಗಿ ಅದೂ ಸತ್ಯ. ವಿರೋಧ ಬರಲಿಲ್ಲ.

"ಅಸಿಂಧು" ಅಂದೆ. "ಹಾಗಾದರೆ ಏನೂ ಇಲ್ಲ. ಹೆದರಬೇಡ."

ತಂಗಿ ಸ್ಲೇಟನ್ನೂ ನನ್ನ ಮುಖವನ್ನೂ ನೋಡಿದಳು. "ಸ್ಲೇಟು ಹೇಳಿದ ಮೇಲೆ ಆಯಿತಲ್ಲ" ಎಂದು ಎದ್ದಳು.

ಮನೆಯವರು ಜೊತೆಗೆ ಬರಲಿ ಎಂದು ಅವರು ಹೇಳಿದ ಮಾತನ್ನು ನಾನು ಸ್ಲೇಟಿಗೆ ಇಳಿಸಲಿಲ್ಲ. ಅದಕ್ಕೆ ಒಂದು ಅಕ್ಷರ ಕೊಡಬಹುದಿತ್ತು. ಕೊಡಲಿಲ್ಲ.

ಆಮೇಲಿನದೆಲ್ಲ ಕ್ರಮವಾಗಿ ನಡೆಯಿತು. ಆಸ್ಪತ್ರೆಯ ಕಾರ್ಡು, ಹಳೆಯ ಚೀಟಿಗಳು, ನೀರಿನ ಬಾಟಲಿ, ಕೊಡೆ ಚೀಲಕ್ಕೆ ಹಾಕಿದೆ. ಗ್ಯಾಸ್ ಆರಿಸಿದೆ. ಬೀಗ ಹಾಕಿ ಗೇಟಿನವರೆಗೆ ಹೋದವಳು ಹಿಂದೆ ಬಂದು ಗ್ಯಾಸ್ ಮತ್ತೆ ನೋಡಿದೆ. ಇದು ನನ್ನ ಪದ್ಧತಿಯಲ್ಲ. ತಂಗಿ ರಸ್ತೆಯಲ್ಲಿ ಕಾಯುತ್ತಿದ್ದಳು. ಯೂನಿಫಾರಂ ಕೇಳಲು ಬಂದ ಪಕ್ಕದ ಮನೆಯ ತಾಯಿಯೊಬ್ಬಳಿಗೆ "ಸಂಜೆ ಬನ್ನಿ, ಗುಂಡಿ ಮಾತ್ರ ಬಾಕಿ" ಎನ್ನುತ್ತಿದ್ದಳು. ಸಂಜೆ ಎಂದು ಅಷ್ಟು ಸಲೀಸಾಗಿ ಹೇಳಿದಳು.

ಉಡುಪಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಟಪಾಡಿಯಲ್ಲಿ ಮಟ್ಟುಗುಳ್ಳ ಬದನೆಯ ಬುಟ್ಟಿ ಹಿಡಿದ ಹೆಂಗಸು ಹತ್ತಿದಳು. ತಂಗಿ ಬುಟ್ಟಿಯೊಳಗೆ ಕೈ ಹಾಕಿ ಒಂದೊಂದನ್ನೇ ಒತ್ತಿ ನೋಡಿ, ದರ ಇಳಿಸಿ, ಎರಡನ್ನು ಕೊಂಡು ನನ್ನ ಚೀಲಕ್ಕೆ ತುರುಕಿದಳು. ರಾತ್ರಿಗೆ ಹುಳಿ ಮಾಡಬೇಕಂತೆ. ಅವಳು ಅಷ್ಟು ಧೈರ್ಯವಾಗಿ ಇದ್ದದ್ದು ನನ್ನ ಒಂದು ಮಾತಿನ ಮೇಲೆ. ಆ ಮಾತಿನತ್ತ ನಾನು ತಿರುಗಿ ನೋಡಿದ್ದು ಉದ್ಯಾವರದ ಸೇತುವೆಯ ಮೇಲೆ, ಹೊಳೆಯ ಗಾಳಿ ಕಿಟಕಿಯಿಂದ ಒಳಗೆ ನುಗ್ಗಿದಾಗ.

ವಾದ ಅಸಿಂಧು. ಸರಿ. ಹಾಗಾದರೆ ಏನೂ ಇಲ್ಲ. ಇದು ಎಲ್ಲಿಂದ ಬಂತು?

'ಗ' ಮತ್ತು 'ಫ' ಸತ್ಯವೋ ಸುಳ್ಳೋ ಆಗಬಹುದಾದ ಎಲ್ಲ ಬಗೆಗಳನ್ನು ಸಾಲುಸಾಲಾಗಿ ಇಡುವ ಸತ್ಯಕೋಷ್ಟಕವನ್ನು ಪೂರ್ತಿಯಾಗಿ ಕಣ್ಣ ಮುಂದೆ ಬರೆದುಕೊಂಡೆ. ಕಾರ್ಕಳದ ಕರಿಹಲಗೆಯ ಮೇಲೆ ಅದನ್ನು ಎಷ್ಟು ಸಲ ಎಳೆದಿದ್ದೇನೋ. 'ಫ' ಸತ್ಯವಾಗಿರುವ ಸಾಲುಗಳು ಎರಡು. ಒಂದರಲ್ಲಿ 'ಗ' ಸುಳ್ಳು, ನಾನು ಬೆಳಗ್ಗೆ ಹಿಡಿದುಕೊಂಡದ್ದು ಅದನ್ನು. ಇನ್ನೊಂದರಲ್ಲಿ 'ಗ' ಸತ್ಯ. ಆ ಸಾಲು ಎಲ್ಲಿಗೂ ಹೋಗಿರಲಿಲ್ಲ. ನಾವು ಎರಡರಲ್ಲಿ ಯಾವ ಸಾಲಿನಲ್ಲಿ ಕೂತಿದ್ದೇವೆ ಎಂದು ಹೇಳುವ ಶಕ್ತಿ ಆ ಪರೀಕ್ಷೆಗೆ ಇಲ್ಲ. ಮೊದಲ ವರ್ಷದ ಹುಡುಗಿ ಈ ತಪ್ಪು ಮಾಡಿದರೆ ಉತ್ತರ ಪತ್ರಿಕೆಯಲ್ಲಿ ಕೆಂಪು ಗೆರೆ ಎಳೆಯುತ್ತಿದ್ದೆ. ತರ್ಕ ಓದದವರು ಈ ತಪ್ಪು ಮಾಡುವುದೂ ಇಲ್ಲ. ಅವರು ಫೋನ್ ಬಂತು ಎಂದು ನೇರವಾಗಿ ಹೆದರುತ್ತಾರೆ. ನಾನು ಕೋಷ್ಟಕದಲ್ಲಿ ನನಗೆ ಬೇಕಾದ ಸಾಲನ್ನು ಆರಿಸಿ, ಅದಕ್ಕೆ ಪರೀಕ್ಷೆಯ ಮುದ್ರೆ ಒತ್ತಿ, ತಂಗಿಯ ಕೈಗೆ ಕೊಟ್ಟಿದ್ದೆ.

ಈಗಲೇ ಹೇಳಬೇಕು ಎಂದುಕೊಂಡೆ. ಹೇಳಿದರೆ ಮಣಿಪಾಲದವರೆಗೆ ಅವಳು ಹೇಗೆ ಬರುತ್ತಾಳೆ? ಹೇಳದಿದ್ದರೆ, ಡಾಕ್ಟರರ ಬಾಯಿಂದ ಕೇಳುವಾಗ ಅವಳ ಗತಿ ಏನು? ಎರಡು ಕೊಂಬೆ, ಎರಡಕ್ಕೂ ಮುಳ್ಳು. ಇಂಥದ್ದನ್ನು ಉಭಯಸಂಕಟ ಎಂದು ಹೆಸರಿಟ್ಟು ಮಕ್ಕಳಿಗೆ ಪಾಠ ಮಾಡಿದವಳು ನಾನು. ಹೆಸರು ಗೊತ್ತಿದ್ದರಿಂದ ಏನೂ ಉಪಯೋಗ ಆಗಲಿಲ್ಲ.

ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಕಂಡಕ್ಟರ್ ಒಬ್ಬ "ಮಣಿಪಾಲ, ಪರ್ಕಳ, ಹಿರಿಯಡ್ಕ, ಕಾರ್ಕಳ!" ಎಂದು ಕೂಗುತ್ತಿದ್ದ. ಕೆಲಸದ ದಿನಗಳಲ್ಲಿ ನನ್ನನ್ನು ಹೊತ್ತು ತಂದ ದಾರಿ ಅದು. ಹೊಟ್ಟೆ ಖಾಲಿ ಇರಬಾರದು ಎಂದು ತಂಗಿ ನನ್ನನ್ನು ಹೋಟೆಲಿಗೆ ಎಳೆದಳು. ಬನ್ಸ್ ತರಿಸಿದಳು, ತನ್ನದನ್ನು ತಿಂದಳು. ನನ್ನ ತಟ್ಟೆ ಹಾಗೇ ಇತ್ತು.

"ಎಂತ, ತಿನ್ನುವುದಿಲ್ಲವಾ? ಏನೂ ಇಲ್ಲ ಅಂತ ನೀನೇ ಹೇಳಿದ್ದಲ್ವಾ?"

"ಸೆಕೆ" ಅಂದೆ.

"ಸೆಕೆಗೂ ಬನ್ಸಿಗೂ ಎಂತ ಸಂಬಂಧ? ಇದನ್ನು ಸ್ಲೇಟಿಗೆ ಹಾಕಿದರೆ ನಿನಗೇ ಸೊನ್ನೆ" ಎಂದು ನನ್ನ ಪಾಲನ್ನೂ ತಿಂದಳು.

ಆಸ್ಪತ್ರೆಯಲ್ಲಿ ಟೋಕನ್ ತೆಗೆದುಕೊಂಡು ಬೆಂಚಿನಲ್ಲಿ ಕೂತೆವು. ಗೋಡೆಯ ಮೇಲೆ ಕೆಂಪು ಅಂಕಿ ಬದಲಾಗುವಾಗೆಲ್ಲ ಟಿಣ್ ಎಂದು ಸದ್ದು. ಪ್ರತಿ ಸದ್ದಿಗೂ ನಾನು ಕೈಯಲ್ಲಿದ್ದ ಟೋಕನ್ ನೋಡುತ್ತಿದ್ದೆ. ನನ್ನ ಪಕ್ಕದಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹೆಂಗಸು. ಗಂಡ ಹೆಂಡತಿ ಇಬ್ಬರೂ ಪರ್ಕಳದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವರು. ಗಂಡನ ಹೊಟ್ಟೆಯ ತೊಂದರೆಗೆ ಏನೋ ಪರೀಕ್ಷೆ ಮಾಡಿಸಿದ್ದರಂತೆ. ಅವನು ಕೌಂಟರಿಗೆ ಹೋಗಿದ್ದ.

"ಮುಂಜಾನೆ ಫೋನ್ ಬಂತ್ರಿ ಅಕ್ಕಾರ. ಲಗೂನ ಬರ್ರಿ ಅಂದ್ರು. ನನಗಂತೂ ಕೈಕಾಲಾಗ ಶಕ್ತಿನ ಇಲ್ದಂಗ ಆತು" ಎಂದಳು.

ಅಷ್ಟರಲ್ಲಿ ಗಂಡ ಬಂದ. ಮುಖದ ತುಂಬ ನಗು. "ಏನೂ ಇಲ್ಲಲೇ. ರಿಪೋರ್ಟ್ ಚಲೋ ಐತಿ. ಮೊನ್ನೆ ಒಂದು ಕಾಗದಕ್ಕ ಸಹಿ ಮಾಡದ ಹೋಗಿದ್ನೆಲ್ಲ, ಅದಕ್ಕ ಕರೆದಿದ್ರು."

"ಒಂದ ಸಹಿ ಸಲುವಾಗಿ ನನ್ನ ಜೀವ ತೆಗೆದ್ಯಲ್ಲೋ!" ಎಂದು ಅವಳು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಇಬ್ಬರೂ ನಗುತ್ತಲೇ ಹೊರಟರು.

ಫೋನ್ ಸತ್ಯ, ಗಂಭೀರ ಸುಳ್ಳು. ಸ್ಲೇಟಿನ ಮೇಲೆ ನಾನು ಬರೆದ ಸಾಲು ಎದ್ದು ನಡೆದು ಬಾಗಿಲು ದಾಟಿ ಹೋಯಿತು.

ತಂಗಿ ನನ್ನ ಕೈ ಹಿಡಿದಳು. "ನೋಡಿದೆಯಾ ಅಕ್ಕ? ಫೋನ್ ಬಂದವರಿಗೆಲ್ಲ ಕಾಯಿಲೆ ಅಂತ ಇಲ್ಲ."

ಇನ್ನು ತಡೆಯಲು ಆಗಲಿಲ್ಲ. "ಕೇಳು" ಅಂದೆ. "ಬೆಳಗ್ಗೆ ನಾನು ಒಂದು ಹೆಜ್ಜೆ ಹೆಚ್ಚು ಇಟ್ಟೆ. ಅಸಿಂಧು ಅಂದದ್ದು ಸರಿ. ಹಾಗಾದರೆ ಏನೂ ಇಲ್ಲ ಅಂದದ್ದು ಸರಿಯಲ್ಲ. ಇರಬಹುದು, ಇಲ್ಲದೆಯೂ ಇರಬಹುದು. ನನಗೆ ಗೊತ್ತಿಲ್ಲ."

ಅವಳು ಕೈ ಬಿಡಲಿಲ್ಲ. ಎದುರಿನ ಗೋಡೆಯ ಅಂಕಿಯನ್ನೇ ನೋಡುತ್ತ ಹೇಳಿದಳು: "ಬಂಗುಡೆ ಬಿಸಾಡಬೇಡ ಅಂದವಳು ನೀನೇ ಅಲ್ವಾ? ಇವತ್ತು ಬೆಳಗ್ಗೆಯೇ."

"ನಿನಗೆ ಆಗಲೇ ಗೊತ್ತಾಯಿತಾ?"

"ಇಷ್ಟು ವರ್ಷ ನಿನ್ನ ಸ್ಲೇಟು ನೋಡಿದ್ದೇನೆ. ಫೋನ್ ಬಂದಾಗ ನನಗೆ ಅಷ್ಟು ಹೆದರಿಕೆ ಆಗಲಿಲ್ಲ ಅಕ್ಕ. ಹಾಗಾದರೆ ಏನೂ ಇಲ್ಲ ಅಂತ ನೀನು ಹೇಳಿದೆಯಲ್ಲ, ಆಗ ಆಯಿತು. ನೀನು ತಪ್ಪು ಲೆಕ್ಕ ಹೇಳುವಷ್ಟು ಹೆದರಿದ್ದೀ ಅಂತ ಗೊತ್ತಾಯಿತು."

"ಮತ್ತೆ ಬನ್ಸ್? ಗುಳ್ಳ?"

"ಇಬ್ಬರೂ ಹೆದರಿ ಕೂತರೆ ಬಸ್ಸು ಹತ್ತುವುದು ಯಾರು?"

ಟಿಣ್ ಎಂದಿತು. ನಮ್ಮ ಅಂಕಿ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುರ್ಚಿ ತೋರಿಸಿದರು. ರಿಪೋರ್ಟನ್ನು ಮೊದಲೇ ಓದಿದ್ದರೂ ನಮ್ಮ ಮುಂದೆ ಇನ್ನೊಮ್ಮೆ ತಿರುವಿದರು. ಆ ತಿರುವುವಿಕೆಯಲ್ಲೇ ನನಗೆ ಉತ್ತರ ಸಿಕ್ಕಿತು. ಅದನ್ನೂ ವಾದವಾಗಿ ಬರೆದರೆ ಅಸಿಂಧುವೇ ಆಗುತ್ತಿತ್ತು.

"ಕ್ಯಾನ್ಸರ್ ಅಂತ ಬಂದಿದೆ ಅಮ್ಮ" ಎಂದರು. "ಥೈರಾಯಿಡ್ ಗ್ರಂಥಿಯಲ್ಲಿ. ಆದರೆ ಇದು ನಿಧಾನವಾಗಿ ಬೆಳೆಯುವ ಬಗೆ. ಅಕ್ಕಪಕ್ಕಕ್ಕೆ ಹರಡಿಲ್ಲದಿದ್ದರೆ ಒಂದು ಆಪರೇಷನ್ ಸಾಕಾಗುತ್ತದೆ ಅಂತ ನನ್ನ ಅಂದಾಜು. ಇವತ್ತೇ ಒಂದು ಸ್ಕ್ಯಾನ್ ಮಾಡಿಸಿಬಿಡೋಣ."

ತಂಗಿ ಸೆರಗು ಸರಿಮಾಡಿಕೊಂಡು ಕೇಳಿದಳು: "ಕುಯ್ದ ಮೇಲೆ ಹೊಲಿಗೆ ಹಾಕುತ್ತೀರಲ್ವಾ ಡಾಕ್ಟರೇ? ಸ್ವಲ್ಪ ಸಣ್ಣದಾಗಿ ಹಾಕಿ. ನಾನು ಟೈಲರ್. ದೊಡ್ಡ ಹೊಲಿಗೆ ಕಂಡರೆ ನನಗೆ ಆಗುವುದಿಲ್ಲ."

ಡಾಕ್ಟರ್ ನಕ್ಕರು. ನಾನು ನಗಲಿಲ್ಲ. ಸ್ಕ್ಯಾನಿನ ಚೀಟಿ ಚೀಲಕ್ಕೆ ಹಾಕಿಕೊಂಡು ಎದ್ದೆ.

ಸ್ಕ್ಯಾನಿಗೆ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಅವಳನ್ನು ಒಳಗೆ ಕರೆದರು. ಅವಳ ಚಪ್ಪಲಿ, ಬಳೆ, ಕರಿಮಣಿ ಬಿಟ್ಟ ಮೇಲೆ ಹಾಕಿಕೊಂಡ ತೆಳ್ಳಗಿನ ಸರ, ಎಲ್ಲ ನನ್ನ ಮಡಿಲಲ್ಲಿ. ಮುಚ್ಚಿದ ಬಾಗಿಲಿನ ಹೊರಗೆ ನಾನೊಬ್ಬಳೇ. ಹರಡಿಲ್ಲದಿದ್ದರೆ ಆಪರೇಷನ್ ಸಾಕು. ಹರಡಿದ್ದರೆ? ಆ ಬಗ್ಗೆ ಡಾಕ್ಟರ್ ಏನೂ ಹೇಳಿರಲಿಲ್ಲ. ಅವರು ಹೇಳಿದ ವಾಕ್ಯದಿಂದ ಆ ಕಡೆಗೆ ಏನೂ ಹೊರಡುವುದಿಲ್ಲ, ಸಾಕಾಗುವುದಿಲ್ಲ ಎಂದೂ ಹೊರಡುವುದಿಲ್ಲ. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದರೂ ಮನಸ್ಸು ಆ ಖಾಲಿ ಜಾಗದಲ್ಲಿ ಒಂದಾದ ಮೇಲೆ ಒಂದು ವಾಕ್ಯ ಬರೆಯುತ್ತಿತ್ತು. ಅವಳ ಮೆಷಿನ್ ಮುಚ್ಚಿಟ್ಟ ಚಾವಡಿ. ಒಂದೇ ಲೋಟ ಕಾಫಿ. ವಾದ ಹೇಳಲು ಯಾರೂ ಇಲ್ಲದೆ ಮೊಳೆಯಲ್ಲಿ ತೂಗುವ ಸ್ಲೇಟು. ಒಂದಕ್ಕೂ ಆಧಾರ ಇರಲಿಲ್ಲ. ಆಧಾರ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸರವನ್ನು ಮುಷ್ಟಿಯಲ್ಲಿ ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅದರ ಅಚ್ಚು ಬಿದ್ದಿತ್ತು.

ಸ್ಕ್ಯಾನಿನ ಚಿತ್ರ ನೋಡಿ ಡಾಕ್ಟರ್ ಹೇಳಿದರು: "ನೋಡಿದ ಮಟ್ಟಿಗೆ ಎಲ್ಲಿಗೂ ಹರಡಿಲ್ಲ." ಮುಂದಿನ ವಾರ ಬಂದು ಅಡ್ಮಿಟ್ ಆಗಲು ಹೇಳಿದರು. ತಂಗಿ ತನ್ನ ಸರ ಹಾಕಿಕೊಂಡಳು. ಕೊಂಡಿ ಸಿಕ್ಕಿಸಲು ನನ್ನ ಬೆರಳುಗಳಿಗೆ ಆಗಲಿಲ್ಲ, ಅವಳೇ ಸಿಕ್ಕಿಸಿಕೊಂಡಳು.

ಹಿಂದೆ ಬರುವ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟೆ. ಉದ್ಯಾವರದ ಸೇತುವೆ ಬಂದಾಗ ಅವಳು ಕೇಳಿದಳು: "ಅಂದರೆ ಬೆಳಗ್ಗೆಯ ಆ ವಾದ ಅಸಿಂಧು, ಆದರೆ ಅದರ ತೀರ್ಮಾನ ಸತ್ಯ."

"ಹೌದು."

"ನಿನ್ನ ಶಾಸ್ತ್ರ ಬಹಳ ಕಷ್ಟ ಮಾರಾಯ್ತಿ" ಎಂದು ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದಳು. ಅವಳ ಕತ್ತಿನ ಗಂಟು ನನ್ನ ತೋಳಿಗೆ ತಾಗುತ್ತದೆಯೇನೋ ಎಂದು ನಾನು ಕಾಪುವಿನವರೆಗೆ ಅಲುಗಾಡಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದೆವು. ದೀಪ ಹಚ್ಚಿದೆ. ಗುಳ್ಳವನ್ನು ನಾನೇ ಹೆಚ್ಚಿ ಹುಳಿಗೆ ಇಟ್ಟೆ. ಅವಳು ಅಡುಗೆಮನೆಯ ಬಾಗಿಲಿಗೆ ಬಂದು ಸ್ಲೇಟು ಕೈಗೆ ತೆಗೆದುಕೊಂಡಳು. ಬೆಳಗ್ಗೆ ಬರೆದದ್ದು ಇನ್ನೂ ಅದರ ಮೇಲಿತ್ತು. ಅದನ್ನು ತನ್ನ ಸೆರಗಿನಿಂದ ಒರೆಸಿ ನನ್ನ ಮುಂದೆ ಹಿಡಿದಳು. ಸಂಜೆ ನಾವು ಎಂದೂ ಸ್ಲೇಟು ಮುಟ್ಟುವವರಲ್ಲ.

"ಹರಡಿಲ್ಲದಿದ್ದರೆ ಆಪರೇಷನ್ ಸಾಕು. ಹರಡಿಲ್ಲ. ಆದ್ದರಿಂದ ಸಾಕು. ಬರೆ."

ಬರೆದೆ. ತೀರ್ಮಾನ ಸುಳ್ಳು ಎಂದು ಇಟ್ಟುಕೊಂಡೆ. ಎರಡನೆಯ ವಾಕ್ಯ ಸತ್ಯ ಎಂದು ಇಟ್ಟುಕೊಂಡೆ. ಆಗ ಸತ್ಯವಾಗಿರಬೇಕಾದ ಮೊದಲ ವಾಕ್ಯ ಸುಳ್ಳಾಗಿ ನಿಂತಿತು. ವಿರೋಧ ಬಂತು.

"ಸಿಂಧು" ಅಂದೆ.

"ಇನ್ನೇನಾದರೂ ಸೇರಿಸುವುದು ಉಂಟಾ?"

ನಾನು ಬಳಪ ಕೆಳಗೆ ಇಡಲಿಲ್ಲ. ಮೊದಲ ವಾಕ್ಯದ ಪಕ್ಕ 'ಅಂದಾಜು' ಎಂದು ಬರೆದೆ. ಎರಡನೆಯದರ ಪಕ್ಕ 'ನೋಡಿದ ಮಟ್ಟಿಗೆ' ಎಂದು ಬರೆದೆ. ತೀರ್ಮಾನದ ಪಕ್ಕ ಏನೂ ಬರೆಯಲಿಲ್ಲ. ಅವಳು ಓದಿದಳು. "ಹ್ಞಾಂ, ಇದು ನನ್ನ ಅಕ್ಕನ ಕೈ" ಎಂದು ಸ್ಲೇಟನ್ನು ಮೊಳೆಗೆ ಸಿಕ್ಕಿಸಿದಳು. ಒರೆಸಲಿಲ್ಲ.

ಗೇಟಿನ ಹತ್ತಿರ ಪಕ್ಕದ ಮನೆಯವಳ ದನಿ ಕೇಳಿಸಿತು, ಯೂನಿಫಾರಂ ಆಯಿತಾ ಎಂದು. ತಂಗಿ ಅವಳನ್ನು ಚಾವಡಿಯಲ್ಲಿ ಕೂರಿಸಿದಳು. ಗುಂಡಿಗಳ ಡಬ್ಬಿ ತೆಗೆದು ನನಗೂ ಒಂದು ಸೂಜಿ ಪೋಣಿಸಿ ಕೊಟ್ಟಳು. "ಕೊನೆಯ ಅಂಗಿ ನೀನು ಮಾಡು, ನಿಧಾನಕ್ಕೆ" ಎಂದಳು. ನಾನು ಒಂದೊಂದೇ ಗುಂಡಿಯನ್ನು ಹೊಲಿದು, ದಾರ ಸುತ್ತಿ, ಗಂಟು ಹಾಕಿ, ಎಳೆದು ನೋಡಿದೆ. ಕೊನೆಯದರ ದಾರವನ್ನು ಕತ್ತರಿಸಿ, ಅಂಗಿ ಮಡಚಿ, ಪಕ್ಕದ ಮನೆಯವಳ ಕೈಗೆ ಕೊಟ್ಟೆ.